ಸೋಮವಾರ ಹೂ ಕೊಡುವ ಮನೆ

೧೯೯೯ರ ಜೂನ್. ನಾನಾಗ ಹಡಗಲಿ ಸೀಮೆಯ ಒಂದು ಊರಿನಲ್ಲಿ ಸಬ್‌ರಿಜಿಸ್ಟ್ರಾರ್. ಊರಿನ ಹೆಸರು ಹೇಳುವುದಿಲ್ಲ. ಈ ಪ್ರಸಂಗದ ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ. ಕೂಡ್ಲಿಗಿಯಿಂದ ವರ್ಗವಾಗಿ ಬಂದು ಐದು ತಿಂಗಳಾಗಿತ್ತು. ಕುರ್ಚಿಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕೈಗೆ ಕೆಲಸವಿಲ್ಲದಿದ್ದರೆ ದಾಖಲೆ ಕೋಣೆಗೆ ಹೋಗಿ ಹಳೆಯ ಸಂಪುಟಗಳನ್ನು ಎಳೆದು ನೋಡುತ್ತಿದ್ದೆ. ಈ ಸಾಹೇಬರು ಕೂರುವುದೂ ಇಲ್ಲ, ಕೂರಗೊಡುವುದೂ ಇಲ್ಲ ಎಂದು ಗುಮಾಸ್ತರು ಗೊಣಗುತ್ತಿದ್ದರು.

ನೋಂದಣಿ ಕಚೇರಿಯ ಬಗ್ಗೆ ಜನರಿಗಿರುವ ಒಂದು ನಂಬಿಕೆಯನ್ನು ಮೊದಲೇ ಹೇಳಿಬಿಡಬೇಕು. ಕ್ರಯಪತ್ರದ ಮೇಲೆ ಸರ್ಕಾರದ ಸೀಲು ಬಿತ್ತೆಂದರೆ ಆಸ್ತಿ ತಮ್ಮದೇ ಆಯಿತು ಅಂದುಕೊಳ್ಳುತ್ತಾರೆ. ನಿಜವೆಂದರೆ ನಾವು ನೋಡುವುದು ಮೂರೇ ಸಂಗತಿ: ಪತ್ರ ಬರೆದುಕೊಟ್ಟವನು ಅವನೇ ಹೌದೋ, ಬರೆದುಕೊಟ್ಟದ್ದನ್ನು ಒಪ್ಪುತ್ತಾನೋ, ಮುದ್ರಾಂಕ ಶುಲ್ಕ ಸರಿಯಿದೆಯೋ. ಮಾರುವ ಹಕ್ಕು ಅವನಿಗೆ ಇದೆಯೇ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಅದು ಕೊಳ್ಳುವವರ ತಲೆನೋವು.

ಒಂದು ದಿನ ಹನ್ನೊಂದರ ಸುಮಾರಿಗೆ ಹುಲಿಗೆಮ್ಮ ಬಂದರು. ಆರೋಗ್ಯ ಕೇಂದ್ರದ ನರ್ಸ್, ಊರಿನವರಿಗೆಲ್ಲ ನರ್ಸಮ್ಮ. ಗುಡೇಕೋಟೆ ಕಡೆಯ ಕೂಲಿ ಮನೆತನದಿಂದ ಬಂದು, ಆ ವಂಶದಲ್ಲಿ ಮೊದಲು ಸರ್ಕಾರಿ ಸಂಬಳ ಎಣಿಸಿದವರು. ಡಿಸೆಂಬರಿನಲ್ಲಿ ನಿವೃತ್ತಿ. ಅಂದೇ ಕ್ವಾರ್ಟರ್ಸ್ ಬಿಡಬೇಕು. ಗಂಡ ತೀರಿಕೊಂಡಿದ್ದರು, ಹೋಗಲು ಬೇರೆ ಮನೆ ಇರಲಿಲ್ಲ. ಇಡೀ ಸೇವೆಯ ಉಳಿತಾಯ ಸುರಿದು ಎರಡು ಅಂಕಣದ ಒಂದು ಮನೆ ಕೊಳ್ಳುತ್ತಿದ್ದರು. ಮಾರುವವನು ಟೈಲರ್ ಈರಣ್ಣ. ಹರಪನಹಳ್ಳಿಯಲ್ಲಿ ಅಂಗಡಿ ಇಡಲು ಹೊರಟವನು. ಪತ್ರ ಬರೆದವರು ನಮ್ಮ ಕಚೇರಿ ಕಟ್ಟೆಯ ಬಾಂಡ್ ರೈಟರ್ ಕೊಟ್ರೇಶಪ್ಪ.

ಕಾಗದಗಳೆಲ್ಲ ಅಚ್ಚುಕಟ್ಟಾಗಿದ್ದವು. ಪಂಚಾಯಿತಿ ಖಾತೆ ಈರಣ್ಣನ ಹೆಸರಿನಲ್ಲಿತ್ತು, ಮನೆ ಕಂದಾಯದ ರಸೀದಿಗಳಿದ್ದವು. ಆಸ್ತಿಯ ಮೇಲೆ ಬೇರೆ ವ್ಯವಹಾರ ನಡೆದಿಲ್ಲವೆಂದು ತೋರಿಸುವ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರವೂ ಇತ್ತು. ಹದಿಮೂರು ವರ್ಷದ್ದು. ನಮ್ಮ ಸೀಮೆಯಲ್ಲಿ ಎಲ್ಲರೂ ಕಣ್ಣುಮುಚ್ಚಿ ಹದಿಮೂರು ವರ್ಷಕ್ಕೇ ಅರ್ಜಿ ಹಾಕುತ್ತಿದ್ದರು. ಅಷ್ಟೇ ಯಾಕೆ ಎಂದು ಕೇಳಿದರೆ ಕೊಟ್ರೇಶಪ್ಪನವರು, ನಮ್ಮ ಗುರುಗಳು ಹಾಗೇ ಬರೆಸುತ್ತಿದ್ದರು ಎನ್ನುತ್ತಿದ್ದರು.

ಗುರುತಿಸುವ ಸಾಕ್ಷಿಗಳಿಬ್ಬರಲ್ಲಿ ಒಬ್ಬರು ಹಗರಿಬೊಮ್ಮನಹಳ್ಳಿಯಿಂದ ಬರಬೇಕಿತ್ತು. ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು. ನಾನು ಒಳಗೂ ಹೊರಗೂ ಓಡಾಡತೊಡಗಿದೆ. ಹೊರಗಿನ ಬೆಂಚಿನ ಮೇಲೆ ಈರಣ್ಣ ಮನೆಯ ವಿಷಯ ಒಂದೊಂದಾಗಿ ನರ್ಸಮ್ಮನಿಗೆ ಒಪ್ಪಿಸುತ್ತಿದ್ದ: ಹಿತ್ತಲ ಬಾಗಿಲ ಚಿಲಕ ಬಿಗಿ, ಮಳೆ ಬಂದರೆ ಯಾವ ಮೂಲೆ ಸೋರುತ್ತದೆ. ಆಮೇಲೆ ಹೇಳಿದ:

"ಸೋಮವಾರಕ್ಕೊಮ್ಮಿ ದೊಡ್ಡಮನಿ ದೇವರಿಗೆ ಒಂದು ಮಾರು ಮಲ್ಲಿಗಿ ಕೊಡಬೇಕ್ರೆವ್ವ. ನಮ್ಮಪ್ಪನ ಹರಕಿ ಅದು. ನೀವು ಕೊಟ್ರೂ ಆತು, ಬಿಟ್ರೂ ಆತು."

ದೊಡ್ಡಮನೆ ಎಂದರೆ ಆ ಓಣಿಯ ತುದಿಯಲ್ಲಿದ್ದ ಹಳೆಯ ಜಮೀನುದಾರರ ಮನೆ. ಹುಲಿಗೆಮ್ಮ, ನಾನು ಬೇರೆ ದೇವರಿಗೆ ನಡೆದುಕೊಳ್ಳುವವಳು, ಆದರೆ ನೋಡೋಣ ಎಂದು ನಕ್ಕರು. ನನಗೆ ನಗು ಬರಲಿಲ್ಲ. ತಂದೆಯ ಹರಕೆ ಮಗನಿಗೆ ಬರಬಹುದು, ಆದರೆ ಮನೆ ಕೊಂಡವರಿಗೆ ಯಾಕೆ ಬರುತ್ತದೆ? ಅದೂ ವಾರ ತಪ್ಪದೆ, ಇನ್ನೊಬ್ಬರ ಮನೆಗೆ? ಮನೆ ಕಟ್ಟಿದ್ದು ಯಾವಾಗ ಎಂದು ಈರಣ್ಣನನ್ನು ಕೇಳಿದೆ. ತಾನು ಹುಟ್ಟಿದ ವರ್ಷ ಎಂದ. ಅವನಿಗೆ ನಲವತ್ತೇಳು.

ದಾಖಲೆ ಕೋಣೆಗೆ ಹೋದೆ. ಆಗ ಕಂಪ್ಯೂಟರ್ ಇರಲಿಲ್ಲ. ಆಸ್ತಿಗಳ ಸೂಚಿ ಪುಸ್ತಕವನ್ನು ಬೆರಳಿಟ್ಟು ಓದಬೇಕು. ಮನೆ ನಂಬರುಗಳು ಮೂರು ಸಲ ಬದಲಾಗಿದ್ದರಿಂದ ಚಕ್ಕುಬಂದಿಯೇ ಗತಿ, ಅಂದರೆ ನಾಲ್ಕು ದಿಕ್ಕಿನ ಗುರುತು. ಕ್ರಯಪತ್ರದಲ್ಲಿ ಪೂರ್ವಕ್ಕೆ ದೊಡ್ಡಮನೆಯ ಬಾವಿ ಎಂದಿತ್ತು. ೧೯೫೨ರ ಪುಟಗಳಲ್ಲಿ, ನಮ್ಮ ಸೀಮೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದ ಬರಹದಲ್ಲಿ, ಅದೇ ಬಾವಿ ಸಿಕ್ಕಿತು. ಪತ್ರದ ಸ್ವರೂಪ ಎಂಬ ಅಂಕಣದಲ್ಲಿ ಇದ್ದದ್ದು ಒಂದೇ ಪದ: ಗುತ್ತಿಗೆ.

ಸಂಪುಟ ತೆಗೆಸಿ ಓದಿದೆ. ದೊಡ್ಡಮನೆಯವರು ಐದು ನಿವೇಶನಗಳನ್ನು ಈರಣ್ಣನ ತಂದೆಯದೂ ಸೇರಿ ಐದು ಕುಟುಂಬಗಳಿಗೆ ಐವತ್ತು ವರ್ಷಕ್ಕೆ ಲೀಸ್ ಕೊಟ್ಟಿದ್ದರು. ನೆಲಬಾಡಿಗೆಯಾಗಿ ಪ್ರತಿ ಸೋಮವಾರ ಒಂದು ಮಾರು ಮಲ್ಲಿಗೆ. ತಪ್ಪಿಸಿದರೆ ಲೀಸ್ ರದ್ದು. ಬರಹದ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಪರಭಾರೆ ಮಾಡಕೂಡದು. ಅವಧಿ ಮುಗಿದ ಮೇಲೆ ಕಟ್ಟಡದ ಸಾಮಾನು ಬಿಚ್ಚಿಕೊಂಡು ಜಾಗ ಬಿಡಬೇಕು. ಬಾಡಿಗೆ ಎಂದರೆ ದುಡ್ಡೇ ಆಗಬೇಕೆಂದು ಕಾನೂನಿನಲ್ಲಿಲ್ಲ. ಬೆಳೆಯ ಪಾಲೂ ಆಗುತ್ತದೆ, ಸೇವೆಯೂ ಆಗುತ್ತದೆ, ಹೂವೂ ಆಗುತ್ತದೆ. ಐವತ್ತು ತುಂಬಲು ಉಳಿದಿದ್ದದ್ದು ಮೂರೇ ವರ್ಷ. ಆಮೇಲೆ ಹುಲಿಗೆಮ್ಮನ ಕೈಯಲ್ಲಿ ಉಳಿಯುವುದು ಜಂತೆ, ಬಾಗಿಲು, ಕಲ್ಲುಚಪ್ಪಡಿ.

ಅಷ್ಟರಲ್ಲಿ ಸಾಕ್ಷಿ ಬಂದಾಗಿತ್ತು. ಹೆಬ್ಬೆರಳಿನ ಮಸಿ ಡಬ್ಬಿ ಮೇಜಿನ ಮೇಲಿತ್ತು. ಹಕ್ಕು ಸರಿಯಿಲ್ಲವೆಂದು ನೋಂದಣಿ ನಿರಾಕರಿಸುವಂತಿಲ್ಲ. ಸುಮ್ಮನೆ ಸಹಿ ಹಾಕಿದರೆ ನನ್ನನ್ನು ಕೇಳುವವರೂ ಇಲ್ಲ. ಕೊಟ್ರೇಶಪ್ಪ ನನ್ನ ಮುಖ ನೋಡಿಯೇ ಏನೋ ಇದೆ ಎಂದು ತಿಳಿದು ಹತ್ತಿರ ಬಂದು, "ನಮಗ್ಯಾಕ್ರಿ ಸರ ಇಲ್ಲದ ಉಸಾಬರಿ" ಎಂದರು. ಸುಳ್ಳು ಹೇಳುವುದಿಲ್ಲ, ಅರೆಗಳಿಗೆ ನನಗೂ ಹಾಗೇ ಅನ್ನಿಸಿತು. ಆದರೆ ಹುಲಿಗೆಮ್ಮ ಹೊಸ ಮನೆಯ ಬೀಗದ ಕೈಯನ್ನು ಆಗಲೇ ಸೀರೆ ಸೆರಗಿಗೆ ಗಂಟು ಹಾಕಿಕೊಂಡಿದ್ದರು. ಅದನ್ನು ನೋಡಿ ತಡೆಯಲಾಗಲಿಲ್ಲ.

"ನರ್ಸಮ್ಮ, ಮಸಿ ಹಚ್ಚುವ ಮೊದಲು ಇನ್ನೊಂದು ಅರ್ಜಿ ಕೊಡಿ. ಐವತ್ತು ವರ್ಷದ ಇ.ಸಿ. ಕೇಳಿ" ಎಂದೆ.

ಅಷ್ಟು ಹೇಳಲು ಯಾವ ನಿಯಮದ ಅಡ್ಡಿಯೂ ಇರಲಿಲ್ಲ. ಸಂಜೆಯೊಳಗೆ ಇ.ಸಿ. ಕೊಟ್ಟು, ಅದರ ಅರ್ಥ ಬಿಡಿಸಿ ಹೇಳಿದೆ. ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಈರಣ್ಣನ ಮುಂದಿಟ್ಟರು. ಈರಣ್ಣನ ಕಣ್ಣಲ್ಲಿ ನೀರು ಬಂತು. ಮೋಸ ಅವನ ಮನಸ್ಸಿನಲ್ಲಿರಲಿಲ್ಲ. ತನ್ನದೆಂದೇ ನಂಬಿ ಅಲ್ಲೇ ಹುಟ್ಟಿ ಬೆಳೆದವನು.

"ಅವ್ವ ಜ್ವರದಾಗೂ ಎದ್ದು ಹೂ ಕಟ್ಟತಿದ್ಲು ಸಾಹೇಬ್ರ. ಅದು ಬಾಡಿಗಿ ಅಂತ ನಮಗ ಒಬ್ರೂ ಹೇಳಲಿಲ್ಲ" ಎಂದ.

ಮುಂದಿನ ಮೂರು ವಾರ ನನಗೆ ಸರಿಯಾಗಿ ನಿದ್ದೆಯಿಲ್ಲ. ಐದು ಮನೆ ಎಂದಮೇಲೆ ಉಳಿದ ನಾಲ್ಕು? ಹುಡುಕಿದೆ. ಮೂರು ಮನೆ ಕೈಬದಲಾಗಿರಲಿಲ್ಲ. ಈರಣ್ಣನ ಪಕ್ಕದ ಮನೆ ಮಾತ್ರ ಅದೇ ವರ್ಷದ ಫೆಬ್ರವರಿಯಲ್ಲಿ, ಯಾವ ಷರತ್ತೂ ಇಲ್ಲದೆ, ಶುದ್ಧ ಕ್ರಯವಾಗಿತ್ತು. ಕೆಳಗೆ ಇದ್ದದ್ದು ನನ್ನದೇ ಸಹಿ. ನಾನೇ ಆ ಮನೆಗೆ ಹೋದೆ. ಕೊಂಡವರು ಒಬ್ಬ ಕಂಡಕ್ಟರ್. ಹೂವು ಕೊಡುತ್ತೀರಾ ಎಂದು ಕೇಳಿದೆ. ಬಂದ ತಿಂಗಳೇ ನಿಲ್ಲಿಸಿದೆವು ಎಂದರು. ವಿಷಯ ಹೇಳಿ, ಹೋಗಿ ವಕೀಲರನ್ನು ಕಾಣಿ ಎಂದೆ. ಆತ ಕ್ರಯಪತ್ರ ತಂದು ನನ್ನ ಮುಂದೆ ಹಿಡಿದು, "ಇದು ನಿಮ್ಮ ಸಹಿ ಹೌದಲ್ರೀ? ಸರ್ಕಾರದ ಸೀಲು ಐತಲ್ರೀ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಅವರು ವಕೀಲರನ್ನು ಕಂಡರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಹುಲಿಗೆಮ್ಮ ಮಾತ್ರ ಕೈಕಟ್ಟಿ ಕೂರಲಿಲ್ಲ. ದೊಡ್ಡಮನೆಗೆ ತಾವೇ ಹೋದರು. ಆ ಮನೆಯ ಯಜಮಾನಿಯ ಎರಡು ಹೆರಿಗೆ ಮಾಡಿಸಿದ ಕೈ ಅವರದು. ಆದರೂ ನೆಲ ಮಾರಲು ದೊಡ್ಡಮನೆಯವರು ಒಪ್ಪಲಿಲ್ಲ. ಲೀಸ್ ಬೇಕಾದರೆ ಹೊಸದಾಗಿ ಬರೆದುಕೊಡುತ್ತೇವೆ ಎಂದರು. ಕೊನೆಗೆ ಎರಡು ಪತ್ರಗಳಾದವು. ಈರಣ್ಣ ಕಟ್ಟಡವನ್ನೂ ಉಳಿದ ಅವಧಿಯನ್ನೂ ದೊಡ್ಡಮನೆಯವರ ಒಪ್ಪಿಗೆಯ ಸಹಿಯೊಂದಿಗೆ ವರ್ಗಾಯಿಸಿದ. ಬೆಲೆಯನ್ನು ತಾನಾಗಿಯೇ ಇಳಿಸಿದ. ದೊಡ್ಡಮನೆಯವರು ಮುಂದಿನ ಮೂವತ್ತು ವರ್ಷಕ್ಕೆ ಲೀಸ್ ಬರೆದುಕೊಟ್ಟರು. ಬಾಡಿಗೆ ಹಳೆಯದೇ, ಸೋಮವಾರದ ಒಂದು ಮಾರು ಮಲ್ಲಿಗೆ. ಎರಡನ್ನೂ ನಾನೇ ನೋಂದಾಯಿಸಿದೆ. ಆಗಸ್ಟಿನಲ್ಲಿ ಹುಲಿಗೆಮ್ಮ ಆ ಮನೆಯಲ್ಲಿ ಹಾಲು ಉಕ್ಕಿಸಿದರು.

ಮರುವರ್ಷ ನನಗೆ ಮತ್ತೆ ವರ್ಗವಾಯಿತು. ಹೊರಡುವ ದಿನ ಹುಲಿಗೆಮ್ಮ ಕಚೇರಿಗೆ ಬಂದು, ಚೀಲದಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಮಕ್ಕಳ ಚುಚ್ಚುಮದ್ದಿನ ಹಳೆಯ ಕಾರ್ಡು. ಲಸಿಕೆಗಳ ಹೆಸರು ಹೊಡೆದುಹಾಕಿ ಮೇಲೆ 'ಹೂವು' ಎಂದು ಬರೆದಿತ್ತು. ಪ್ರತಿ ಚೌಕದಲ್ಲಿ ಒಂದು ಸೋಮವಾರದ ದಿನಾಂಕ, ಪಕ್ಕದಲ್ಲಿ ಹೂ ಮುಟ್ಟಿದ್ದಕ್ಕೆ ದೊಡ್ಡಮನೆಯ ಯಜಮಾನಿಯ ಸಹಿ. ಒಂದು ವಾರವೂ ಬಿಟ್ಟಿರಲಿಲ್ಲ. ಕಾರ್ಡು ತುಂಬಿ ಹಿಂದೆ ಇನ್ನೊಂದನ್ನು ಹೊಲಿದಿದ್ದರು.

ದೇವರ ಹೂವಿಗೆ ಸಹಿ ಕೇಳಿದ್ದಕ್ಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲವೇ ಎಂದೆ.

"ಮಾಡಕೊಂಡ್ರು. ಮೊದಲನೇ ವಾರ ಮಖ ತಿರುವಿದ್ರು. ನಾನು ಹೂ ಕೈಯಾಗ ಹಿಡಕೊಂಡು ಕಟ್ಟಿ ಮ್ಯಾಲ ಕುಂತೆ. ಬಾಡತಾವು ಅಂತ ಸಹಿ ಹಾಕಿದ್ರು" ಎಂದರು.

ಎಷ್ಟೋ ಸಾವಿರ ಪತ್ರಗಳಿಗೆ ಸಹಿ ಹಾಕಿದ್ದೇನೆ. ಮನೆಯ ಹಕ್ಕು ಸರ್ಕಾರದ ಸೀಲಿನಲ್ಲಿಲ್ಲ. ಯಾರ ನೆಲ, ಎಷ್ಟು ದಿನಕ್ಕೆ, ಯಾವ ಕರಾರಿಗೆ ಎಂದು ಕೇಳಿ ತಿಳಿಯುವುದರಲ್ಲಿದೆ. ಇದನ್ನು ನನಗೆ ಕಲಿಸಿದ್ದು ಇಲಾಖೆಯ ಕೈಪಿಡಿಯಲ್ಲ, ಆ ಚುಚ್ಚುಮದ್ದಿನ ಕಾರ್ಡು. ಈಗಲೂ ಸೋಮವಾರ ಯಾರಾದರೂ ಮಲ್ಲಿಗೆ ಕೊಂಡು ಹೋಗುವುದು ಕಂಡರೆ ನನಗೆ ಮೊದಲು ನೆನಪಾಗುವುದು ಹುಲಿಗೆಮ್ಮ ಅಲ್ಲ, ಮುಚ್ಚಿದ ಆ ಪಕ್ಕದ ಮನೆಯ ಬಾಗಿಲು.