ದೊಡ್ಡಪ್ಪನ ಕಪ್ಪು ಹೆಬ್ಬೆರಳು

ಗಾಜಿನಾಚೆ ಬ್ಯಾಂಕಿನ ಹೊಸ ಅಧಿಕಾರಿ. ಈಚೆ ನಾನು, ನನ್ನ ಪಕ್ಕದಲ್ಲಿ ಸಿದ್ದಲಿಂಗಪ್ಪ ದೊಡ್ಡಪ್ಪ, ನಮ್ಮ ಹಿಂದೆ ಪಾಸ್‌ಬುಕ್ ಹಿಡಿದ ಏಳೆಂಟು ಮಂದಿ. ವಿಳಾಸ ಬದಲಿಸುವ ಅರ್ಜಿಗೆ ದೊಡ್ಡಪ್ಪ ದುಂಡಗೆ ಸಹಿ ಹಾಕಿ ಒಳಕ್ಕೆ ನೂಕಿದರು. ಅಧಿಕಾರಿ ಸಹಿ ನೋಡಿ ಹುಬ್ಬು ಗಂಟಿಕ್ಕಿದ. ಅಷ್ಟರಲ್ಲಿ ಅವರ ಬಲಗೈ ಹೆಬ್ಬೆರಳು ಅವನ ಕಣ್ಣಿಗೆ ಬಿತ್ತು. ಉಗುರಿನ ಸಂದಿಯವರೆಗೂ ಕಪ್ಪು. ಸಮಾಧಾನವಾದವನ ಹಾಗೆ ಶಾಯಿಯ ಪ್ಯಾಡನ್ನು ಮುಂದಿಟ್ಟು, "ಅಂಗೂಠಾ ಲಗಾವೋ" ಎಂದ. ಹೆಬ್ಬೆಟ್ಟು ಒತ್ತಬೇಕಂತೆ!

ಆ ಕಪ್ಪು ಹೆಬ್ಬೆಟ್ಟು ಒತ್ತಿ ಬಂದದ್ದಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಚೀಲಗಳ ಮೇಲೆ ಹೆಸರು ಬರೆದ ಮಸಿ ಅದು. ಕುಂಚದಲ್ಲಿ ಅಕ್ಷರ ಬರೆದು, ತಲೆಕಟ್ಟನ್ನು ಮಾತ್ರ ಹೆಬ್ಬೆರಳಿನಿಂದ ತೀಡುವುದು ಅವರ ಪದ್ಧತಿ. "ಗೋಣಿ ಮಸಿ ಕುಡೀತದೆ ಕಣ್ಲಾ, ಬೆರಳು ಇಕ್ಕುದ್ರೆ ಮಾತು ಕೇಳ್ತದೆ" ಎನ್ನುತ್ತಿದ್ದರು. ದೆಹಲಿಗೆ ಹೋಗುವ ಚೀಲದ ಮೇಲೂ ಕನ್ನಡವೇ. ಅಲ್ಲಿಯವರಿಗೆ ತಿಳಿಯಬೇಡವೇ ಎಂದು ಯಾರೋ ಕೇಳಿದ್ದಕ್ಕೆ, "ಕೊಬ್ಬರಿ ತಿನ್ನಕ್ಕೆ ಬತ್ತದಲ್ಲ, ಅಕ್ಷರ ನೋಡಕ್ಕೆ ಏನ್ ರೋಗ?" ಎಂದಿದ್ದರು.

ನನಗೆ ಅಕ್ಷರ ಕಲಿಸಿದವರೂ ಅವರೇ, ಹರಿದ ಗೋಣಿಯ ಮೇಲೆ. "ಅ ಅಂದ್ರೆ ಹಸ ಮಲಗ್ದಂಗಿರ್ಬೇಕು, ಹಗ್ಗ ಕಿತ್ಕಂಡು ಓಡ್ದಂಗಲ್ಲ."

ಮಂಡಿಯಲ್ಲಿ ದೆಹಲಿಯವರ ಫೋನು ಎತ್ತುವುದು ನನ್ನ ಕೆಲಸವಾದ್ದರಿಂದ ಅರೆಬರೆ ಹಿಂದಿ ಬರುತ್ತದೆ. ಸಹಿ ಹಾಕಿದ್ದಾರಲ್ಲ ಎಂದು ಅಧಿಕಾರಿಗೆ ಹೇಳಿದೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹಾಕಲಿ, ರಾಷ್ಟ್ರಭಾಷೆಯೇ ಬಾರದವರನ್ನು ಓದಿದವರೆಂದು ಹೇಗೆ ನಂಬುವುದು ಎಂದು ಅವನು ನಕ್ಕ.

ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚು ಉರಿಸುವುದು ನಾನಾಡಿದ ಮಾತು: "ಒತ್ಬುಡು ದೊಡ್ಡಪ್ಪ, ಹಿಂದೆ ಜನ ಕಾಯ್ತಾವ್ರೆ."

ದೊಡ್ಡಪ್ಪ ಪ್ಯಾಡು ಮುಟ್ಟಲಿಲ್ಲ. "ಸ್ವತಂತ್ರ ಬಂದಾಗ ನಮ್ಮಪ್ಪ ಊರಿಗೆಲ್ಲ ಬೆಲ್ಲ ಹಂಚಿದ್ನಂತೆ, ಇನ್ಮೇಲೆ ಕಚೇರೀಲಿ ನಮ್ಮ ಮಾತು ನಡೀತದೆ ಅಂತ. ನನ್ನ ಅಕ್ಷರ ಓದಕ್ಕೆ ಬರ್ದೇ ಇರೋನು ಅವ್ನು. ಹೆಬ್ಬೆಟ್ಟು ಒತ್ಬೇಕಾದೋನು ಯಾರು? ಕೇಳ್ಲಾ, ಅವನ ಮಾತಲ್ಲೇ ಕೇಳು!"

"ಸರ್ಯಾಗಿ ಕೇಳ್ದೆ ಬುಡಣ್ಣ" ಎಂದಳು ಹಿಂದಿದ್ದ ಒಬ್ಬಾಕೆ.

ನಾನು ಕೇಳಲಿಲ್ಲ. ಇವರಿಗೆ ವಯಸ್ಸಾಗಿದೆ, ಇನ್ನೊಂದು ದಿನ ಬರುತ್ತೇವೆ ಎಂದು ಹಿಂದಿಯಲ್ಲಿ ಹಲ್ಲು ಗಿಂಜಿದೆ. ದೊಡ್ಡಪ್ಪನಿಗೆ ಹಿಂದಿ ತಿಳಿಯದು, ಹಲ್ಲು ಕಂಡಿತು. ಅರ್ಜಿ ಮಡಚಿ ಜೇಬಿಗಿಟ್ಟು, "ಬುಡು" ಎಂದು ಮೆಟ್ಟಿಲಿಳಿದರು. ಆಮೇಲೆ ಅವರು ಚೀಲ ಬರೆಯುವಾಗ ನಾನು ಮಸಿಡಬ್ಬ ಹಿಡಿಯಲು ಹೋದರೆ ಕೈ ಅಡ್ಡ ಮಾಡುತ್ತಿದ್ದರು.

ಶಿವರಾತ್ರಿ ಕಳೆದ ವಾರ ದೊಡ್ಡಪ್ಪ ತೀರಿಕೊಂಡರು. ಮುಂದಿನ ಲೋಡಿಗೆ ಮಂಡಿಯ ಯಜಮಾನರು ತಗಡಿನ ಅಚ್ಚಿಟ್ಟು ಇಂಗ್ಲಿಷ್ ಅಕ್ಷರ ಬಳಿಸಿದರು. ಲಾರಿ ತಲುಪಿದ ದಿನ ದೆಹಲಿಯ ವ್ಯಾಪಾರಿ ಫೋನು ಮಾಡಿದ. ಮಾಲು ನಿಮ್ಮದೇ ತಾನೆ, ಬರೆಯುತ್ತಿದ್ದವರು ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ಕನ್ನಡದ ಒಂದಕ್ಷರ ಬಾರದಿದ್ದರೂ ಇಷ್ಟು ವರ್ಷ ಆ ಬರಹ ನೋಡಿಯೇ ಚೀಲ ಇಳಿಸಿಕೊಳ್ಳುತ್ತಿದ್ದನಂತೆ.

"ತೀರ್ಕೊಂಡ್ರು" ಎಂದೆ.

"ಕ್ಯಾ?" ಎಂದ.

ಮತ್ತೆ ಕನ್ನಡದಲ್ಲೇ ಹೇಳಿದೆ.