ಓನರ್ ಮಗನ ಒಪ್ಪಿಗೆ ಪತ್ರ

ಸೇನೆಯ ತರಬೇತಿಗೆ ಆಯ್ಕೆಯಾದಾಗ ನನಗೆ ಹದಿನೇಳೂವರೆ. ಹದಿನೆಂಟು ತುಂಬದವರು ತಂದೆಯ ಒಪ್ಪಿಗೆ ಪತ್ರ ತರಬೇಕಿತ್ತು. ನಮ್ಮಪ್ಪ ಪೀಣ್ಯದ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಆಪರೇಟರ್. ಬಲಗೈಯ ಎರಡು ಬೆರಳು ಆ ಮೆಷಿನ್‌ಗೇ ಹೋಗಿದ್ದವು. ಉಳಿದ ಬೆರಳುಗಳಲ್ಲಿ ಪೆನ್ನು ಹಿಡಿದು ಸೈನ್ ಹಾಕಿಕೊಟ್ಟರು. ನಾನೂ ಅದೇ ಮೆಷಿನ್ ಮುಂದೆ ನಿಲ್ಲುವುದು ಅವರಿಗೆ ಬೇಕಿರಲಿಲ್ಲ.

ನನ್ನ ಜೊತೆ ಆಯ್ಕೆಯಾದವನು ನಮ್ಮ ಮನೆ ಓನರ್ ಮಗ. ಟಿ. ದಾಸರಹಳ್ಳಿಯಲ್ಲಿ ತಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಅವರು ನಾಲ್ಕಂತಸ್ತು ಕಟ್ಟಿದ್ದರು. ನಾವು ಕೆಳಮನೆಯ ಬಾಡಿಗೆದಾರರು. ಒಂದು ವರ್ಷ ದಿನಾ ಬೆಳಗ್ಗೆ ಇಬ್ಬರೂ ಒಟ್ಟಿಗೆ ಓಡಿದ್ದೆವು. ನಿನಗೇನು ಕಮ್ಮಿಯಾಗಿದೆ, ಸೇನೆಗೆ ಯಾಕೆ ಎಂದು ಕೇಳಿದರೆ, "ಓನರ್ ಮಗ ಅನ್ನೋದು ಬಿಟ್ರೆ ನಂಗೆ ಬೇರೆ ಗುರ್ತೇ ಇಲ್ಲ ಮಗಾ" ಎನ್ನುತ್ತಿದ್ದ.

ಅವನಿಗೂ ಹದಿನೆಂಟು ತುಂಬಿರಲಿಲ್ಲ, ಆದರೆ ಮನೆಯಲ್ಲಿ ವಿಷಯ ಹೇಳಿರಲೇ ಇಲ್ಲ. ಒಪ್ಪಿಗೆ ಪತ್ರವನ್ನು ನನ್ನ ಮುಂದಿಟ್ಟು, "ನಮ್ಮಪ್ಪನ ಸೈನ್ ನೀನೇ ಹಾಕ್ಬಿಡು. ನನ್ ಕೈಲಾಗ್ತಿಲ್ಲ" ಎಂದ. ಹಾಕಿದೆ.

ಹೊರಡುವ ದಿನ ಅವನು ನನಗಿಂತ ಮುಂಚೆಯೇ ಬ್ಯಾಗ್ ಹಿಡಿದು ಹೋಗಿದ್ದ. ನಾನು ಶೂ ಕಟ್ಟುತ್ತಿದ್ದಾಗ ಓನರ್ ಬಾಗಿಲಲ್ಲಿ ನಿಂತರು.

"ನನ್ ಮಗ ಎಲ್ಲೋಗವ್ನೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸೈನ್ ಹಾಕಿದ್ದನ್ನೂ ಹೇಳಿಬಿಟ್ಟೆ. ಒಳಗಿದ್ದ ಅಪ್ಪ ಓಡಿ ಬಂದು ಕೈಮುಗಿದರು.

"ಯಜಮಾನ್ರೇ, ಇವತ್ತೇ ಮನೆ ಖಾಲಿ ಮಾಡ್ತೀವಿ. ಪೊಲೀಸ್‌ಗೆ ಮಾತ್ರ ಹೇಳ್ಬೇಡಿ."

ಓನರ್ ಅಪ್ಪನ ಕಡೆ ನೋಡಲೂ ಇಲ್ಲ. "ಕಾರ್ ಅತ್ತೋ" ಎಂದರು ನನಗೆ.

ನೇಮಕಾತಿ ಕಚೇರಿಯ ಕಡೆ ಕಾರು ಓಡಿಸಿದರು. ತುಮಕೂರು ರಸ್ತೆಯ ಪ್ರತಿ ಸಿಗ್ನಲ್‌ನಲ್ಲೂ ಇಳಿದು ಓಡಿಬಿಡಲೇ ಅನ್ನಿಸುತ್ತಿತ್ತು.

ಅಲ್ಲಿ ಸಾಲಿನಲ್ಲಿದ್ದ ಗೆಳೆಯ ತಂದೆಯನ್ನು ಕಂಡು ಬೆವೆತುಹೋದ. ಆದರೆ ಜಾಗ ಬಿಟ್ಟು ಕದಲಲಿಲ್ಲ. ದಾಖಲೆ ನೋಡುತ್ತಿದ್ದ ಹವಾಲ್ದಾರರು ಪತ್ರವನ್ನು ಓನರ್ ಮುಂದೆ ಹಿಡಿದರು. "ನೀವು ಇವನ ತಂದೆನಾ? ಈ ಸೈನ್ ನಿಮ್ದೇ ತಾನೆ?"

ಅಲ್ಲ ಎಂದರೆ ನಮ್ಮಿಬ್ಬರ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಓನರ್ ಕನ್ನಡಕ ತೆಗೆದು ಒರೆಸಿ, ಪತ್ರವನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು.

"ನಂದೇ ಸಾರ್."

ಮಗನ ಹತ್ತಿರ ಹೋಗಿ, "ಒತ್ತೊತ್ತಿಗೆ ಸರಿಯಾಗ್ ಉಣ್ಣು" ಎಂದಷ್ಟೇ ಹೇಳಿ ಹೊರಟರು.

ಅಪ್ಪ ಮನೆ ಖಾಲಿ ಮಾಡಬೇಕಾಗಿ ಬರಲಿಲ್ಲ. ಮೊದಲ ರಜೆಯಲ್ಲಿ ಬಂದಾಗ ಕ್ಷಮೆ ಕೇಳಲು ಮಹಡಿ ಹತ್ತಿ ಹೋದೆ. ಓನರ್ ಕಾಫಿ ಕೊಡಿಸಿದರು. ನಾನು ಕುಡಿದು ಲೋಟ ಕೆಳಗಿಟ್ಟ ಮೇಲೆ, "ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ವೇನೋ ನೀವಿಬ್ರೂ?" ಎಂದರು.