ಪ್ರಾರ್ಥನೆಯಲ್ಲಿ ಹೋದ ಒಂದು ಅಂಕ

“ಹನ್ನೆರಡು ಹೊಡೀತು ಕಣಮ್ಮ, ಪೆನ್ನು ಕೆಳಗಿಡು,” ಎನ್ನುತ್ತಾ ಗಂಜಾಂನ ನಿವೃತ್ತ ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಎಳೆದುಕೊಂಡೇಬಿಟ್ಟರು.

ನಾನು ಓದುತ್ತಿರುವುದು ದೂರಶಿಕ್ಷಣದಲ್ಲಿ ಕ್ರೈಸ್ತ ಧರ್ಮಸೇವೆಯ ಪದವಿ. ಪರೀಕ್ಷೆಯನ್ನು ಊರಲ್ಲೇ ಬರೆಯಬಹುದು, ಆದರೆ ಮೇಲ್ವಿಚಾರಕರು ನಮ್ಮ ಚರ್ಚಿನವರಾಗಿರಬಾರದು. ಹಾಗಾಗಿ ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದ, ದೇವಸ್ಥಾನದ ಅರ್ಚಕರ ಮನೆತನದ ಇವರನ್ನೇ ಕೇಳಿಕೊಂಡಿದ್ದೆ. ಅವರ ಮನೆ ಜಗಲಿಯೇ ಪರೀಕ್ಷಾ ಕೇಂದ್ರ.

ಕೊನೆಯ ಪ್ರಶ್ನೆಗೆ ರೋಗಿಯೊಬ್ಬರಿಗಾಗಿ ಪ್ರಾರ್ಥನೆ ಬರೆಯಬೇಕಿತ್ತು. “ಸಾರ್, ಒಂದೇ ಪದ. ಆಮೆನ್ ಅಂತ ಬರೆದ್ರೆ ಮುಗೀತು,” ಎಂದು ಗೋಗರೆದೆ.

“ಬರೆಯೋ ಹಾಗಿಲ್ಲ. ನಾನೇ ಹೇಳ್ತೀನಿ ಬಿಡು.” ಕಣ್ಣು ಮುಚ್ಚಿ “ಆಮೆನ್” ಎಂದವರೇ ಲಕೋಟೆಗೆ ಗೋಂದು ಹಚ್ಚಿದರು.

ಫಲಿತಾಂಶದ ಜೊತೆ ಬಂದ ಷರಾ: ‘ಪ್ರಾರ್ಥನೆ ಅಪೂರ್ಣ’. ಒಂದು ಅಂಕ ಹೋಗಿತ್ತು. ಮರುಮೌಲ್ಯಮಾಪನಕ್ಕೆ ನಾನು ಅರ್ಜಿ ಹಾಕಲಿಲ್ಲ. ಅದು ಪೂರ್ಣವಾಗಿದ್ದನ್ನು ಕಿವಿಯಾರೆ ಕೇಳಿದವಳು ನಾನು.